ಮೆದುಳಿನ ಕಸಿ ಮತ್ತು ಮರಳಿ ಕಲಿಯುವ ಶಕ್ತಿ

ಮನೆಯ ಹಿರಿಯರೊಬ್ಬರಿಗೆ ಲಕ್ವ ಹೊಡೆಯುತ್ತದೆ. ಜೀವ ಉಳಿಯುತ್ತದೆ. ಆದರೆ ನಿನ್ನೆಯವರೆಗೆ ಅಂಗಡಿಯ ಲೆಕ್ಕ ಬರೆಯುತ್ತಿದ್ದವರು ಇಂದು ಮೊಮ್ಮಗಳ ಹೆಸರಿಗಾಗಿ ತಡಕಾಡುತ್ತಾರೆ. ಆಗ ಮನೆಯವರ ಮನಸ್ಸಿನಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಮೂತ್ರಪಿಂಡವನ್ನು ಬದಲಾಯಿಸುತ್ತಾರೆ, ಸತ್ತವರ ಕಣ್ಣಿನಿಂದ ಇನ್ನೊಬ್ಬರಿಗೆ ದೃಷ್ಟಿ ಕೊಡುತ್ತಾರೆ. ಹಾಗಿದ್ದರೆ ಹಾಳಾದ ಮೆದುಳಿನ ಜಾಗಕ್ಕೆ ಹೊಸದನ್ನು ಕಸಿ ಮಾಡಲು ಏಕೆ ಆಗದು?

ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. 1890ರಲ್ಲಿ ನ್ಯೂಯಾರ್ಕಿನ ವೈದ್ಯ ಗಿಲ್ಮನ್ ಥಾಂಪ್ಸನ್ ಬೆಕ್ಕಿನ ಮೆದುಳಿನ ತುಣುಕೊಂದನ್ನು ನಾಯಿಯ ಮೆದುಳಿನಲ್ಲಿ ಇಟ್ಟರು. ಏಳು ವಾರಗಳ ಬಳಿಕ ನೋಡಿದಾಗ ತುಣುಕು ಅಲ್ಲಿಯೇ ಅಂಟಿಕೊಂಡಿತ್ತು. ಕಸಿ ಯಶಸ್ವಿಯಾಯಿತೆಂದು ಅವರು ಪ್ರಕಟಿಸಿದರು. ಆದರೆ ಅಂಟಿಕೊಂಡಿರುವುದು ಬೇರೆ, ಬದುಕಿ ಕೆಲಸ ಮಾಡುವುದು ಬೇರೆ. ಬೆಳೆದ ಪ್ರಾಣಿಯ ನರಕೋಶಗಳು ಹೊಸ ಜಾಗದಲ್ಲಿ ಬೇರೂರುವುದಿಲ್ಲವೆಂಬುದು ಮುಂದೆ ತಿಳಿಯಿತು. ಎಳೆಯ ಅಂಗಾಂಶಕ್ಕೆ ಆ ಗುಣ ಸ್ವಲ್ಪವಾದರೂ ಇದೆ ಎಂಬುದನ್ನು 1917ರಲ್ಲಿ ಎಲಿಜಬೆತ್ ಡನ್ ಎಂಬ ಅಮೆರಿಕದ ಸಂಶೋಧಕಿ ಎಳೆಯ ಇಲಿಮರಿಗಳಲ್ಲಿ ತೋರಿಸಿದರು. ಅವರು ಮಾಡಿದ ಕಸಿಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು ಮಾತ್ರ.

ಅದೇ ಕಾಲದಲ್ಲಿ ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ ಅವರ ಮಾತಿಗೆ ದೊಡ್ಡ ತೂಕವಿತ್ತು. 1906ರ ನೊಬೆಲ್ ಪಡೆದಿದ್ದ ಅವರು, ಪ್ರಾಯಕ್ಕೆ ಬಂದ ಮೆದುಳಿನಲ್ಲಿ ನರಗಳ ದಾರಿಗಳು ಸ್ಥಿರವಾಗಿರುತ್ತವೆ, ಸತ್ತ ಕೋಶ ಮತ್ತೆ ಹುಟ್ಟದು ಎಂದು ಬರೆದರು. ಈ ದಾರಿಗಳನ್ನು ಬದಲಿಸುವುದು ಮುಂದಿನ ಕಾಲದ ವಿಜ್ಞಾನದ ಹೊಣೆ ಎಂಬ ಆಸೆಯನ್ನೂ ಅವರು ಇಟ್ಟುಕೊಂಡಿದ್ದರು. ಓದಿದವರು ಮೊದಲ ಮಾತನ್ನು ನೆನಪಿಟ್ಟುಕೊಂಡರು, ಎರಡನೆಯದನ್ನು ಮರೆತರು.

ಇನ್ನೊಂದು ಕಡೆ, ಕಲಿತದ್ದು ಮೆದುಳಿನಲ್ಲಿ ಎಲ್ಲಿರುತ್ತದೆ ಎಂಬ ಹುಡುಕಾಟ ನಡೆದಿತ್ತು. ಅಮೆರಿಕದ ಕಾರ್ಲ್ ಲ್ಯಾಶ್ಲಿ ಇಲಿಗಳಿಗೆ ಸುತ್ತುದಾರಿಗಳನ್ನು ಕಲಿಸಿ, ಮೆದುಳಿನ ಬೇರೆ ಬೇರೆ ಭಾಗಗಳನ್ನು ಕತ್ತರಿಸಿ ನೋಡಿದರು. ಯಾವ ಭಾಗ ಹೋಯಿತು ಎಂಬುದಕ್ಕಿಂತ ಎಷ್ಟು ಹೋಯಿತು ಎಂಬುದೇ ಮುಖ್ಯ ಎಂದು 1929ರಲ್ಲಿ ಬರೆದರು. ನೆನಪಿನ ನೆಲೆಯನ್ನು ಗುರುತಿಸಲು ತನಗೆ ಸಾಧ್ಯವಾಗಲಿಲ್ಲವೆಂದು 1950ರಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಹಿಪ್ಪೊಕ್ಯಾಂಪಸ್‌ನಂಥ ಭಾಗಗಳಿಗೆ ನೆನಪಿನಲ್ಲಿ ವಿಶೇಷ ಪಾತ್ರವಿದೆ ಎಂಬುದು ಆಮೇಲೆ ತಿಳಿಯಿತಾದರೂ, ಲ್ಯಾಶ್ಲಿಯ ಪಾಠ ಪೂರ್ತಿ ಸುಳ್ಳಾಗಲಿಲ್ಲ. ಕಲಿಕೆ ಒಂದೇ ಪೆಟ್ಟಿಗೆಯಲ್ಲಿ ಇಟ್ಟ ಗಂಟಲ್ಲ.

ಕಸಿಯ ಕತೆ ತಿರುವು ಪಡೆದದ್ದು 1979ರಲ್ಲಿ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದ ಆಂಡರ್ಸ್ ಬ್ಯೋರ್ಕ್‌ಲುಂಡ್ ಅವರ ತಂಡವೂ ಅಮೆರಿಕದ ಇನ್ನೊಂದು ತಂಡವೂ ಇಲಿಯ ಭ್ರೂಣದಿಂದ ತೆಗೆದ ಕೋಶಗಳನ್ನು ಮೆದುಳಿಗೆ ಪೆಟ್ಟಾದ ಇಲಿಗಳಲ್ಲಿ ಇಟ್ಟವು. ಕೋಶಗಳು ಬದುಕಿದವು, ಡೋಪಮಿನ್ ಎಂಬ ರಾಸಾಯನಿಕವನ್ನು ಒದಗಿಸಿದವು. ಇಲಿಗಳ ನಡಿಗೆಯ ದೋಷ ಕಡಿಮೆಯಾಯಿತು. ನಡಿಗೆಯ ದೋಷ ಕಡಿಮೆಯಾಗುವುದಾದರೆ ಕಲಿಕೆಯೂ ಮರಳಬಾರದೇಕೆ? 1982ರಲ್ಲಿ ಲುಂಡ್ ತಂಡ ತನ್ನ ಸಹೋದ್ಯೋಗಿಗಳೊಡನೆ ಸೇರಿ, ಹಿಪ್ಪೊಕ್ಯಾಂಪಸ್‌ನ ಸಂಪರ್ಕ ಕಡಿದ ಇಲಿಗಳು ಕಸಿಯ ನಂತರ ಸುತ್ತುದಾರಿಯನ್ನು ಮತ್ತೆ ಕಲಿಯಬಲ್ಲವೆಂದು ತೋರಿಸಿತು.

ಮರುವರ್ಷ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಸ್ಟೈನ್ ಮತ್ತು ಸಂಗಡಿಗರು ಮಾಡಿದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಇಲಿಗಳ ಮೆದುಳಿನ ಮುಂಭಾಗಕ್ಕೆ ಪೆಟ್ಟು ಕೊಟ್ಟು, ಕೆಲವಕ್ಕೆ ಭ್ರೂಣದ ಅದೇ ಭಾಗದ ಅಂಗಾಂಶವನ್ನೂ ಕೆಲವಕ್ಕೆ ಭ್ರೂಣದ ಕಿರುಮೆದುಳಿನ ಅಂಗಾಂಶವನ್ನೂ ಇಟ್ಟರು. ಇನ್ನು ಕೆಲವನ್ನು ಹಾಗೆಯೇ ಬಿಟ್ಟರು. ಆಮೇಲೆ ಒಂದು ಪಾಠ: ಒಮ್ಮೆ ಎಡಕ್ಕೆ ಹೋದರೆ ಮರುಸಲ ಬಲಕ್ಕೆ ಹೋಗಬೇಕು, ಆಗಲೇ ಬಹುಮಾನ. ಕಳೆದ ಸಲ ಎತ್ತ ಹೋಗಿದ್ದೆ ಎಂಬ ನೆನಪಿಲ್ಲದೆ ಇದು ಆಗದು. ಮುಂಭಾಗದ ಅಂಗಾಂಶ ಪಡೆದ ಇಲಿಗಳು ಕಸಿಯಿಲ್ಲದ ಇಲಿಗಳಿಗಿಂತ ಬೇಗ ಕಲಿತವು. ಆದರೆ ಆರೋಗ್ಯವಂತ ಇಲಿಗಳ ಮಟ್ಟ ಮುಟ್ಟಲಿಲ್ಲ. ಕಿರುಮೆದುಳಿನ ಅಂಗಾಂಶ ಪಡೆದವುಗಳಿಗೆ ಯಾವ ಲಾಭವೂ ಆಗಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಕಸಿ ಯಾವ ಪಾಠವನ್ನೂ ಹೊತ್ತು ತಂದಿರಲಿಲ್ಲ. ಇಲಿಯೇ ಕಲಿಯಬೇಕಾಗಿತ್ತು. 1986ರಲ್ಲಿ ಕಾರ್ಲ್ ಕಾಟ್ಮನ್ ಅವರ ಕ್ಯಾಲಿಫೋರ್ನಿಯಾದ ತಂಡ ಇನ್ನೊಂದು ಅಚ್ಚರಿಯನ್ನು ಮುಂದಿಟ್ಟಿತು. ನರಕೋಶಗಳೇ ಅಲ್ಲದ, ಅವುಗಳಿಗೆ ಆಸರೆಯಾಗಿರುವ ಆಸ್ಟ್ರೊಸೈಟ್ ಕೋಶಗಳನ್ನಷ್ಟೇ ಇಟ್ಟರೂ ಇಲಿಗಳು ಚೇತರಿಸಿಕೊಂಡವು. ಎಂದರೆ ಕಸಿಯು ಹೋದ ತಂತಿಯ ಜಾಗಕ್ಕೆ ಬಂದ ಹೊಸ ತಂತಿಯಾಗಿಯೇ ಕೆಲಸ ಮಾಡಬೇಕೆಂದಿಲ್ಲ. ಉಳಿದ ಮೆದುಳಿಗೆ ಪೋಷಕ ರಾಸಾಯನಿಕಗಳನ್ನು ಉಣಿಸಿ, ಗಾಯಾಳುವಿನ ಪಕ್ಕದಲ್ಲಿ ಕುಳಿತ ದಾದಿಯಂತೆಯೂ ಅದು ನೆರವಾಗಬಲ್ಲದು.

ಈ ಸೂಕ್ಷ್ಮವನ್ನು ಅರ್ಥಮಾಡಿಕೊಳ್ಳುವ ಮೊದಲೇ ಮನುಷ್ಯರ ಮೇಲೆ ಶಸ್ತ್ರಚಿಕಿತ್ಸೆಗಳು ಶುರುವಾಗಿದ್ದವು. 1982ರಲ್ಲಿ ಸ್ಟಾಕ್‌ಹೋಮಿನಲ್ಲಿ ಪಾರ್ಕಿನ್ಸನ್ ರೋಗಿಯೊಬ್ಬರ ಅಡ್ರಿನಲ್ ಗ್ರಂಥಿಯ ತುಣುಕನ್ನು ಅವರದೇ ಮೆದುಳಿಗೆ ಇಡಲಾಯಿತು. ದೊರೆತ ಫಲ ಅಲ್ಪ. 1987ರಲ್ಲಿ ಮೆಕ್ಸಿಕೋದ ಇಗ್ನಾಸಿಯೊ ಮಾದ್ರಾಸೊ ಇಬ್ಬರು ರೋಗಿಗಳಲ್ಲಿ ಅದ್ಭುತ ಸುಧಾರಣೆ ಕಂಡಿತೆಂದು ವರದಿ ಮಾಡಿದ್ದೇ ತಡ, ಹಲವು ದೇಶಗಳ ಆಸ್ಪತ್ರೆಗಳು ಅದೇ ದಾರಿ ಹಿಡಿದವು. ಆ ಅದ್ಭುತ ಬೇರೆಡೆ ಕಾಣಲಿಲ್ಲ. ಕೆಲವೇ ವರ್ಷಗಳಲ್ಲಿ ವಿಧಾನವನ್ನು ಕೈಬಿಡಲಾಯಿತು.

ಅದೇ 1987ರಲ್ಲಿ ಲುಂಡ್‌ನಲ್ಲಿ ಮಾನವ ಭ್ರೂಣದ ಅಂಗಾಂಶವನ್ನು ರೋಗಿಗಳಿಗೆ ಕಸಿ ಮಾಡುವ ಕೆಲಸ ಆರಂಭವಾಯಿತು. ಇದರೊಂದಿಗೆ ನೈತಿಕ ಪ್ರಶ್ನೆ ಎದ್ದಿತು. ಅಮೆರಿಕ ಸರಕಾರ 1988ರಲ್ಲಿ ಇಂಥ ಸಂಶೋಧನೆಗೆ ಹಣ ಕೊಡುವುದನ್ನು ತಡೆಹಿಡಿಯಿತು. ಆ ತಡೆ ತೆರವಾದದ್ದು 1993ರಲ್ಲಿ. ಮುಸ್ಲಿಂ ವಿದ್ವಾಂಸರೂ ಈ ಚರ್ಚೆಯಿಂದ ದೂರ ಉಳಿಯಲಿಲ್ಲ. 1990ರ ಮಾರ್ಚ್‌ನಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ, ವೈದ್ಯರ ಅಭಿಪ್ರಾಯ ಕೇಳಿ, ಮೆದುಳು ಮತ್ತು ನರಮಂಡಲದ ಕಸಿಯ ಬಗ್ಗೆಯೇ ಒಂದು ನಿರ್ಣಯ ಕೈಗೊಂಡಿತು. ರೋಗಿಯ ಸ್ವಂತ ಗ್ರಂಥಿಯಿಂದ ತೆಗೆಯುವುದಕ್ಕೆ ಅದರ ಆಕ್ಷೇಪವಿರಲಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳನ್ನೂ, ಮೂಲ ಸಮ್ಮತವಾಗಿದ್ದರೆ, ಅದು ಒಪ್ಪಿತು. ಆದರೆ ಅಂಗಾಂಶ ಪಡೆಯುವುದಕ್ಕೆಂದೇ ಗರ್ಭಪಾತ ಮಾಡಿಸುವುದು ಸಲ್ಲದು ಎಂದಿತು. ಒಬ್ಬರನ್ನು ಉಳಿಸುವ ಹೆಸರಿನಲ್ಲಿ ಇನ್ನೊಂದು ಜೀವವನ್ನು ಸಾಧನವಾಗಿ ಮಾಡಬಾರದು ಎಂಬ ಈ ಕಾಳಜಿ ಒಂದು ಧರ್ಮದವರಿಗೆ ಮಾತ್ರ ಸೀಮಿತವಾದದ್ದಲ್ಲ.

2001ರಲ್ಲಿ ಅಮೆರಿಕದಲ್ಲಿ 40 ಪಾರ್ಕಿನ್ಸನ್ ರೋಗಿಗಳ ಪರೀಕ್ಷೆಯ ಫಲಿತಾಂಶ ಹೊರಬಂತು. ಅವರಲ್ಲಿ ಅರ್ಧದಷ್ಟು ಜನರಿಗೆ ತಲೆಬುರುಡೆಗೆ ರಂಧ್ರ ಕೊರೆದರೂ ಕಸಿ ಮಾಡಿರಲಿಲ್ಲ. ಯಾರಿಗೆ ಏನಾಗಿದೆ ಎಂದು ರೋಗಿಗಳಿಗೇ ಗೊತ್ತಿರಲಿಲ್ಲ. ರೋಗಿಗಳೇ ತಮ್ಮ ಸುಧಾರಣೆಗೆ ಕೊಟ್ಟ ಅಂಕಗಳಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಿರಿಯ ವಯಸ್ಸಿನವರ ಚಲನೆಯಲ್ಲಿ ಒಂದಿಷ್ಟು ಲಾಭ ಕಂಡಿತು, ಕೆಲವರಲ್ಲಿ ಹತೋಟಿಗೆ ಸಿಗದ ಚಲನೆಗಳು ಮುಂದೆ ಕಾಣಿಸಿಕೊಂಡವು. ಈ ಬಗೆಯ ಪರೀಕ್ಷೆ ನಿಷ್ಠುರವೆನಿಸಬಹುದು. ಆದರೆ ಹೋಲಿಕೆಯಿಲ್ಲದೆ ಭರವಸೆಯನ್ನೂ ಫಲವನ್ನೂ ಬೇರ್ಪಡಿಸಲು ಬೇರೆ ದಾರಿಯಿರಲಿಲ್ಲ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಈ ಇತಿಹಾಸದಲ್ಲಿ ಪಾಲಿದೆ. ಹಿಪ್ಪೊಕ್ಯಾಂಪಸ್‌ಗೆ ಹೊಂದಿಕೊಂಡ ಭಾಗಕ್ಕೆ ಪೆಟ್ಟಾದ ಇಲಿಗಳನ್ನು ಅಲ್ಲಿನ ಸಂಶೋಧಕರು ಆಟಿಕೆ, ಸಂಗಾತಿಗಳಿರುವ ಸಮೃದ್ಧ ಪರಿಸರದಲ್ಲಿ ಇಟ್ಟು ನೋಡಿದರು. ಎಂಟು ತೋಳಿನ ಸುತ್ತುದಾರಿಯ ಕಲಿಕೆ ಸುಧಾರಿಸಿತು, ನೀರಿನ ತೊಟ್ಟಿಯ ಪರೀಕ್ಷೆಯಲ್ಲಿ ಸುಧಾರಿಸಲಿಲ್ಲ ಎಂದು 2005ರಲ್ಲಿ ಪ್ರಕಟಿಸಿದರು. ಇಂಥದೇ ಇಲಿಗಳಿಗೆ ಹಿಪ್ಪೊಕ್ಯಾಂಪಸ್ ಮೂಲದ ಕೋಶಗಳನ್ನು ಕಸಿ ಮಾಡಿದಾಗ ಕಲಿಕೆ ಮರಳಿದ್ದನ್ನು 2009ರಲ್ಲಿ ತೋರಿಸಿದರು. ಪರಿಸರವೂ ಕಸಿಯಂತೆಯೇ ಮೆದುಳಿಗೆ ಮದ್ದಾಗಬಲ್ಲದು ಎಂಬುದು ಇದರ ಸಾರ.

2025ರಲ್ಲಿ ಜಪಾನಿನ ಕ್ಯೋಟೊದಿಂದ ಏಳು ಮತ್ತು ಉತ್ತರ ಅಮೆರಿಕದಿಂದ ಹನ್ನೆರಡು ಪಾರ್ಕಿನ್ಸನ್ ರೋಗಿಗಳ ವರದಿಗಳು ಬಂದವು. ಇವರಿಗೆ ಇಟ್ಟದ್ದು ಕಾಂಡಕೋಶಗಳಿಂದ ಬೆಳೆಸಿದ ನರಕೋಶಗಳನ್ನು. ಗಂಭೀರ ಅಪಾಯ ಕಾಣಲಿಲ್ಲ, ಹಲವರ ಚಲನೆ ಸುಧಾರಿಸಿತು. ಆದರೆ ಇವು ಚಿಕ್ಕ ಪರೀಕ್ಷೆಗಳು, ಮತ್ತು ಚಲನೆಗೆ ಸಂಬಂಧಿಸಿದವು. ಲಕ್ವ ಅಥವಾ ಅಪಘಾತದಿಂದ ಕಳೆದುಹೋದ ಮಾತು, ನೆನಪು, ಕಲಿಕೆಯನ್ನು ಮರಳಿಸುವ ಮೆದುಳು ಕಸಿ ಇನ್ನೂ ಸಿದ್ಧ ಚಿಕಿತ್ಸೆಯಾಗಿಲ್ಲ.

ಹೀಗಿದ್ದರೂ ಕಾಂಡಕೋಶದ ಚುಚ್ಚುಮದ್ದಿನಿಂದ ಎಲ್ಲ ಸರಿಯಾಗುತ್ತದೆಂದು ಜಾಹೀರಾತು ಕೊಟ್ಟು ಲಕ್ಷಗಟ್ಟಲೆ ಹಣ ಕೇಳುವವರು ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳಿದೆ: ರಕ್ತಸಂಬಂಧಿ ಕಾಯಿಲೆಗಳಂಥ ಕೆಲವಕ್ಕೆ ಒಪ್ಪಿತವಾದ ಬಳಕೆಯ ಹೊರತು, ಕಾಂಡಕೋಶಗಳನ್ನು ಅನುಮತಿ ಪಡೆದ ಪರೀಕ್ಷೆಗಳಲ್ಲಷ್ಟೇ ಬಳಸಬೇಕು. ಮನೆ ಮಾರಿ ಹಣ ಹೊಂದಿಸುವ ಮೊದಲು ಕುಟುಂಬದವರು ಕೇಳಬೇಕಾದ ಪ್ರಶ್ನೆ ಇಷ್ಟೆ. ಇದು ಸರಕಾರದಲ್ಲಿ ನೋಂದಾಯಿತ ಪರೀಕ್ಷೆಯೇ? ಹೌದಾದರೆ ರೋಗಿಯಿಂದ ಹಣ ಏಕೆ?

ಈ ನೂರಮೂವತ್ತು ವರ್ಷಗಳಲ್ಲಿ ಇಲಿಗಳು ಕಲಿಸಿದ ಪಾಠ ಸರಳವಾದದ್ದು. ಕಸಿಯಿರಲಿ ಇಲ್ಲದಿರಲಿ, ಕಲಿಕೆ ಮರಳುವುದು ಕಲಿಯುವುದರಿಂದಲೇ. ಮೊಮ್ಮಗಳ ಹೆಸರು ಮರೆತ ಅಜ್ಜನ ಪಕ್ಕದಲ್ಲಿ ಆ ಮೊಮ್ಮಗಳೇ ಕುಳಿತು ದಿನವೂ ಮಾತಾಡಿಸುವುದು, ವಾಕ್ ಚಿಕಿತ್ಸಕರು ಹೇಳಿದ ಅಭ್ಯಾಸವನ್ನು ಬೇಸರಿಸದೆ ಮಾಡಿಸುವುದು ಸಣ್ಣ ಕೆಲಸವಲ್ಲ. ಎಲ್ಲವೂ ಮರಳದಿರಬಹುದು. ಆದರೆ ಮುಂದೊಂದು ದಿನ ಕಸಿ ನಿಜವಾಗಿಯೂ ಕೈಗೆಟಕಿದರೂ, ಮೊಮ್ಮಗಳು ಅಜ್ಜನ ಪಕ್ಕದಲ್ಲಿ ಕೂರುವ ಈ ಕೆಲಸ ತಪ್ಪದು.