ಇಂಟರ್‌ಕೂಲರ್ ಎಷ್ಟು ದೊಡ್ಡದಿರಬೇಕು? ಉತ್ತರ 1943ರ ಯುದ್ಧವಿಮಾನದಲ್ಲಿದೆ

1/7
"ಮಗಾ, ಸ್ಟಾಕ್ ಇಂಟರ್‌ಕೂಲರ್ ತೆಗ್ದು ದೊಡ್ಡದು ಹಾಕ್ಸಿದ್ರೆ ಎಷ್ಟು ಎಚ್‌ಪಿ ಜಾಸ್ತಿ ಆಗತ್ತೆ?"

ಮನೆಗೆ ಟರ್ಬೊ ಪೆಟ್ರೋಲ್ ಕಾರು ಬಂದಿರೋ ಫ್ರೆಂಡ್ಸ್ ಎಲ್ಲಾ ಕೇಳೋ ಪ್ರಶ್ನೆ ಇದು. ಬಂಪರ್ ಹಿಂದೆ ಹೊಳೆಯೋ ದೊಡ್ಡ ಅಲ್ಯೂಮಿನಿಯಂ ಡಬ್ಬ ರೀಲ್ಸ್‌ನಲ್ಲಿ ಸಖತ್ತಾಗಿ ಕಾಣತ್ತೆ, ಒಪ್ತೀನಿ. ಆದ್ರೆ ದುಡ್ಡು ಅಪ್ಪಂದು, ಇಎಂಐ ಇನ್ನೂ ಮುಗಿದಿಲ್ಲ, ಎಂಜಿನ್ ಇರೋದು ಒಂದೇ. ಆರ್ಡರ್ ಮಾಡೋ ಮುಂಚೆ ಈ ಸೀರೀಸ್ ಪೂರ್ತಿ ಓದಿ. ಇದೇ ಪ್ರಶ್ನೆಗೆ ಉತ್ತರ ಹುಡುಕ್ತಾ ಎಂಬತ್ತು ವರ್ಷದ ಹಿಂದೆ ಪೈಲಟ್‌ಗಳು ಜೀವ ಪಣಕ್ಕಿಟ್ಟಿದ್ರು.

2/7
ಮೊದಲು ಬೇಸಿಕ್ಸ್. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗತ್ತಲ್ಲ, ಟರ್ಬೊದಲ್ಲೂ ಅದೇ ಕಥೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಅಷ್ಟೇ ಜಾಗದಲ್ಲಿ ಕಡಿಮೆ ಆಮ್ಲಜನಕ ಇರುತ್ತದೆ. ಜೊತೆಗೆ ಪೆಟ್ರೋಲ್ ಎಂಜಿನ್‌ನಲ್ಲಿ ನಾಕಿಂಗ್ ಶುರುವಾಗುವ ಅಪಾಯ ಬೇರೆ.

ಒಂದು ಲೆಕ್ಕ ಹಾಕೋಣ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದೆ, ಟರ್ಬೊ ಒತ್ತಡವನ್ನು ಎರಡರಷ್ಟು ಮಾಡ್ತು ಅಂದ್ಕೊಳ್ಳಿ. ಕಂಪ್ರೆಸರ್ ದಕ್ಷತೆ 70% ಇದ್ದರೆ ಆಚೆ ಬರೋ ಗಾಳಿ ಸುಮಾರು 125 ಡಿಗ್ರಿ ಇರತ್ತೆ. ಒತ್ತಡ ಡಬಲ್ ಆಯ್ತು, ಆದ್ರೆ ಗಾಳಿಯ ಸಾಂದ್ರತೆ ಬರೀ 1.52ರಷ್ಟು. ಅದನ್ನ 50 ಡಿಗ್ರಿಗೆ ಇಳಿಸಿದ್ರೆ 1.88ಕ್ಕೆ ಏರತ್ತೆ. ಇಂಟರ್‌ಕೂಲರ್ ಮಾಡೋ ಕೆಲಸ ಇಷ್ಟೇ.

ಆದ್ರೆ ಕೂಲರ್‌ನ ಸಣ್ಣ ಕೊಳವೆಗಳಲ್ಲಿ ನುಗ್ಗಿ ಹೋಗುವಾಗ ಗಾಳಿ ಸ್ವಲ್ಪ ಒತ್ತಡ ಕಳ್ಕೊಳ್ಳತ್ತೆ. 0.1 ಬಾರ್ ಹೋಯ್ತು ಅಂದ್ರೆ 1.88 ಇದ್ದದ್ದು 1.78 ಆಗತ್ತೆ. ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ, ಟರ್ಬೊ ಕೊಡೋ ಬೂಸ್ಟ್ ಗ್ರಾಸ್ ಪ್ರಾಫಿಟ್, ಸಿಲಿಂಡರ್‌ಗೆ ಸೇರೋ ಗಾಳಿ ನೆಟ್ ಪ್ರಾಫಿಟ್. ಮಧ್ಯದಲ್ಲಿ ಇಂಟರ್‌ಕೂಲರ್ ಕೂಡ ಒಂದು ಖರ್ಚೇ.

3/7
ಈಗ ಇತಿಹಾಸಕ್ಕೆ ಬರೋಣ. ಎಂಜಿನ್ನಿನ ಹೊಗೆಯ ಶಕ್ತಿಯಿಂದಲೇ ಗಾಳಿ ಒತ್ತುವ ಐಡಿಯಾಗೆ 1905ರಲ್ಲಿ ಪೇಟೆಂಟ್ ಪಡೆದವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ. 1918ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್‌ಗೆ ಟರ್ಬೊ ಜೋಡಿಸಿ, ಅದನ್ನು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ, ಅಂದ್ರೆ ಸುಮಾರು 4,300 ಮೀಟರ್ ಎತ್ತರಕ್ಕೆ ಹೊತ್ತೊಯ್ದು ಪರೀಕ್ಷೆ ಮಾಡಿದರು.

ಬೆಟ್ಟ ಯಾಕೆ? ಮೇಲೆ ಹೋದಷ್ಟೂ ಗಾಳಿ ತೆಳು, ತೆಳು ಗಾಳೀಲಿ ಎಂಜಿನ್ ಸೊರಗತ್ತೆ. ಟರ್ಬೊ ಹುಟ್ಟು ಹಾಕಿದ್ದು ರೇಸ್ ಟ್ರ್ಯಾಕ್ ಅಲ್ಲ, ಅದು ಬೆಳೆದದ್ದು ಈ ಎತ್ತರದ ಸಮಸ್ಯೆಯಿಂದ. ಎತ್ತರ ಹೆಚ್ಚಾದಷ್ಟೂ ಗಾಳಿಯನ್ನ ಜಾಸ್ತಿ ಒತ್ತಬೇಕು, ಜಾಸ್ತಿ ಒತ್ತಿದಷ್ಟೂ ಜಾಸ್ತಿ ಬಿಸಿ. ಹೀಗಾಗಿ ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಟರ್ಬೊ ವಿಮಾನಗಳಲ್ಲಿ ಇಂಟರ್‌ಕೂಲರ್ ಕೂಡ ಬಂದು ಕೂತಿತ್ತು.

4/7
ಇಲ್ಲಿ ನಮ್ಮ ಹೀರೋ ಎಂಟ್ರಿ: ಲಾಕ್‌ಹೀಡ್ ಪಿ-38 ಲೈಟ್ನಿಂಗ್. ಎರಡು ಅಲಿಸನ್ ಎಂಜಿನ್, ಎರಡು ಟರ್ಬೊ, ಎರಡು ಬಾಲ. ಫೋಟೋ ನೋಡಿದ್ರೆ ಮರೆಯೋಕೇ ಆಗಲ್ಲ.

ಇದರ ಮೊದಲ ಮಾಡೆಲ್‌ಗಳಲ್ಲಿ ಇಂಟರ್‌ಕೂಲರ್ ಅಂತ ಬೇರೆ ಡಬ್ಬವೇ ಇರಲಿಲ್ಲ. ರೆಕ್ಕೆಯ ಮುಂಅಂಚು ಟೊಳ್ಳಾಗಿತ್ತು. ಟರ್ಬೊದಿಂದ ಬಂದ ಬಿಸಿ ಗಾಳಿ ಆ ಟೊಳ್ಳಿನೊಳಗೆ ಓಡಾಡಿ, ರೆಕ್ಕೆಯ ತಗಡಿಗೆ ತಾಗುವ ಹೊರಗಿನ ತಣ್ಣನೆ ಗಾಳಿಯಿಂದ ತಂಪಾಗಿ ವಾಪಸ್ ಬರುತ್ತಿತ್ತು. ಎಂಥಾ ತಲೆ ನೋಡಿ! ತೂಕ ಕಡಿಮೆ, ಗಾಳಿಗೆ ಅಡ್ಡಿಯೂ ಇಲ್ಲ.

ಪ್ರಾಬ್ಲಂ ಆಮೇಲೆ ಶುರುವಾಯ್ತು. ವರ್ಷ ವರ್ಷಕ್ಕೂ ಎಂಜಿನ್ ಪವರ್ ಏರಿಸ್ತಾ ಹೋದ್ರು, ಆದ್ರೆ ರೆಕ್ಕೆ ಅಷ್ಟೇ ಇತ್ತು. ಪಿ-38ಎಚ್ ಬರುವಷ್ಟರಲ್ಲಿ ಎಂಜಿನ್ ಕಾಗದದ ಮೇಲೆ 1,425 ಎಚ್‌ಪಿ. ಎತ್ತರದಲ್ಲಿ ನಿಜಕ್ಕೂ ಬಳಸೋಕೆ ಆಗ್ತಿದ್ದದ್ದು ಸುಮಾರು 1,240. ಉಳಿದದ್ದು ಕೇಳಿದ್ರೆ ಗಾಳಿ ತಣ್ಣಗಾಗದೆ ಎಂಜಿನ್ ನಾಕ್ ಆಗಿ ಹಾಳಾಗೋ ಭಯ. ಇಂಟರ್‌ಕೂಲರ್ ಸಣ್ಣದಾದ್ರೆ ಏನಾಗತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

5/7
1943ರಲ್ಲಿ ಪಿ-38ಜೆ ಬಂತು. ಲಾಕ್‌ಹೀಡ್‌ನವರು ರೆಕ್ಕೆಯ ಐಡಿಯಾ ಬಿಟ್ಟು, ಎಂಜಿನ್ ಕೆಳಗೆ ಗಲ್ಲದ ಹಾಗೆ ಕಾಣುವ ಜಾಗದಲ್ಲಿ ಸರಿಯಾದ ದೊಡ್ಡ ಇಂಟರ್‌ಕೂಲರ್ ಕೂರಿಸಿದರು. 1,425 ಎಚ್‌ಪಿ ಪೂರ್ತಿ ಸಿಕ್ಕಿತು. ಖಾಲಿಯಾದ ರೆಕ್ಕೆಯಂಚಿನಲ್ಲಿ ಆಮೇಲೆ ಎರಡೂ ಕಡೆ ಸೇರಿ 400 ಲೀಟರ್‌ಗಿಂತ ಹೆಚ್ಚು ಇಂಧನ ಹಿಡಿಯುವ ಟ್ಯಾಂಕ್ ಬಂತು. ಹ್ಯಾಪಿ ಎಂಡಿಂಗ್ ಅಂತೀರಾ? ಅಲ್ಲ.

ಈ ವಿಮಾನ ಇಂಗ್ಲೆಂಡಿನಿಂದ ಜರ್ಮನಿಗೆ ಬಾಂಬರ್‌ಗಳ ಬೆಂಗಾವಲಾಗಿ ಹೊರಟಿತು. ಚಳಿಗಾಲ, ತುಂಬಾ ಎತ್ತರ, ಹೊರಗೆ ಮೈನಸ್ 40 ಡಿಗ್ರಿಗೂ ಕಡಿಮೆ. ಇಂಧನ ಉಳಿಸೋಕೆ ಪೈಲಟ್‌ಗಳು ಕಡಿಮೆ ಬೂಸ್ಟ್‌ನಲ್ಲಿ ಹೋಗ್ತಿದ್ರು. ಟರ್ಬೊದಲ್ಲಿ ಗಾಳಿ ಅಷ್ಟಾಗಿ ಬಿಸಿಯಾಗ್ತಿರಲಿಲ್ಲ, ಹೊಸ ಇಂಟರ್‌ಕೂಲರ್ ಇದ್ದ ಬಿಸಿಯನ್ನೂ ಕಿತ್ಕೊಳ್ತಿತ್ತು. ಅಷ್ಟು ತಣ್ಣನೆ ಗಾಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಎಂಜಿನ್‌ಗಳು ಕೈಕೊಟ್ಟವು. ತೊಂದರೆಗಳಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಅತಿಯಾದ ತಂಪು ಅದರಲ್ಲಿ ಒಂದು. ಶತ್ರುದೇಶದ ಮೇಲೆ ಒಂದು ಎಂಜಿನ್ ನಿಂತರೆ ಒಳಗೆ ಕೂತವನ ಗತಿ ಯೋಚಿಸಿ. 1944 ಮುಗಿಯೋದ್ರೊಳಗೆ ಆ ಬೆಂಗಾವಲು ಕೆಲಸವನ್ನ ಹೆಚ್ಚಾಗಿ ಪಿ-51 ಮಸ್ಟಾಂಗ್‌ಗೆ ಕೊಟ್ಟರು.

ಆದ್ರೆ ಪೆಸಿಫಿಕ್ ಕಡೆ, ಬಿಸಿ ಹವೆಯಲ್ಲಿ, ಇದೇ ಪಿ-38 ಸೂಪರ್‌ಹಿಟ್. 40 ಶತ್ರುವಿಮಾನ ಉರುಳಿಸಿದ ಅಮೆರಿಕದ ನಂಬರ್ ಒನ್ ಪೈಲಟ್ ರಿಚರ್ಡ್ ಬಾಂಗ್ ಹಾರಿಸಿದ್ದು ಇದನ್ನೇ. ವಿಮಾನ ಒಂದೇ, ಹಾರಿದ ಆಕಾಶ ಬೇರೆ. ಹಾಗಾಗಿ 'ಬೆಸ್ಟ್ ಸೈಜ್' ಅಂತ ಒಂದಿಲ್ಲ. ಯಾವ ಹವೆ, ಎಷ್ಟು ಬೂಸ್ಟ್, ಎಷ್ಟು ಹೊತ್ತು, ಇದೆಲ್ಲ ಸೇರಿ ಸೈಜ್ ನಿರ್ಧಾರ ಆಗೋದು.

6/7
ನಮ್ಮೂರಿಗೂ ಒಂದು ಲಿಂಕ್ ಇದೆ. ಬಿ-24 ಲಿಬರೇಟರ್ ಬಾಂಬರ್‌ನ ನಾಲ್ಕೂ ಎಂಜಿನ್‌ಗಳಿಗೆ ಟರ್ಬೊ, ಇಂಟರ್‌ಕೂಲರ್ ಇಟ್ಟು ವಿನ್ಯಾಸ ಮಾಡಿದ್ದರು. ಎಂಜಿನ್ ದುಂಡಗಿದ್ದರೂ ಅದರ ಕವಚ ಮೊಟ್ಟೆಯಾಕಾರ, ಯಾಕಂದ್ರೆ ಕೂಲರ್‌ಗಳಿಗೆ ಗಾಳಿ ಹೋಗೋ ದಾರಿ ಎರಡೂ ಪಕ್ಕದಲ್ಲಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ನಲವತ್ತರಷ್ಟು ಲಿಬರೇಟರ್‌ಗಳನ್ನು ಎಚ್‌ಎಎಲ್‌ನವರು ಹೇಗೋ ಹಾರುವ ಸ್ಥಿತಿಗೆ ತಂದು, ಬೆಂಗಳೂರಿಗೆ ಹಾರಿಸಿಕೊಂಡು ಬಂದು ಪೂರ್ತಿ ರಿಪೇರಿ ಮಾಡಿದರು. ನಮ್ಮ ವಾಯುಪಡೆ 1968ರವರೆಗೆ ಅವನ್ನು ಬಳಸಿತು.

ಕಾರುಗಳ ಕಥೆ ಬೇಗ ಹೇಳ್ತೀನಿ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲಿ ಟರ್ಬೊ ಇತ್ತು, ಇಂಟರ್‌ಕೂಲರ್ ಇರಲಿಲ್ಲ. ನಾಕಿಂಗ್ ತಡೆಯೋಕೆ ನೀರು-ಮೆಥನಾಲ್ ಮಿಶ್ರಣ ಸಿಂಪಡಿಸ್ತಿದ್ರು, ಎಷ್ಟೋ ಓನರ್‌ಗಳು ಅದನ್ನ ತುಂಬಿಸೋದೇ ಮರೀತಿದ್ರು. 1978ರಲ್ಲಿ ಪೋರ್ಷೆ 911 ಟರ್ಬೊ 3.3 ಲೀಟರ್ ಆದಾಗ ಇಂಟರ್‌ಕೂಲರ್ ಬಂತು, ಅದಕ್ಕೆ ಜಾಗ ಮಾಡೋಕೆ ಹಿಂದಿನ ರೆಕ್ಕೆಯ ಆಕಾರವನ್ನೇ ಬದಲಿಸಿದರು. ಟಾಟಾ ಎಂಜಿನ್ ಹೆಸರಲ್ಲಿ ಬರೋ 'ಟಿಸಿಐಸಿ'ಯ 'ಐಸಿ' ಕೂಡ ಇದೇ.

ಪಿ-38ಜೆ ಪಾಠ ಹಳೇದಾಯ್ತು ಅನ್ಕೋಬೇಡಿ. ಅಮೆರಿಕದಲ್ಲಿ ಫೋರ್ಡ್ ಎಫ್-150 ಪಿಕಪ್‌ನ 3.5 ಲೀಟರ್ ಟರ್ಬೊ ಎಂಜಿನ್‌ನಲ್ಲಿ, ತೇವದ ಹವೆಯಲ್ಲಿ ಹೈವೇ ಓಡಿಸುವಾಗ ಇಂಟರ್‌ಕೂಲರ್ ಒಳಗೆ ನೀರು ಕಟ್ಟಿ, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಡವರಿಸ್ತಿತ್ತು. ಕಂಪನಿ ಕೊಟ್ಟ ಪರಿಹಾರಗಳಲ್ಲಿ ಒಂದು, ಇಂಟರ್‌ಕೂಲರ್‌ಗೆ ಗಾಳಿ ಕಡಿಮೆ ತಾಗಲಿ ಅಂತ ಅಡ್ಡ ಇಡೋ ತಗಡು!

7/7
ಹಾಗಾದ್ರೆ ನಾವೇನು ಮಾಡ್ಬೇಕು?

👉 ಗಾಳಿ ಲೆಕ್ಕ ಹಾಕಿ. ಅಂದಾಜು 100 ಎಚ್‌ಪಿಗೆ ನಿಮಿಷಕ್ಕೆ 4.5 ಕೆಜಿ ಗಾಳಿ ಬೇಕು. 120 ಎಚ್‌ಪಿ ಕಾರಿಗೆ 5.4 ಕೆಜಿ. 300 ಎಚ್‌ಪಿಗೆ ಮಾಡಿರೋ ಕೋರ್ ಇದಕ್ಕೆ ಯಾಕೆ?

👉 ಅಳತೆ ಮಾಡಿ. ಒಬಿಡಿ ಸ್ಕ್ಯಾನರ್‌ನಲ್ಲಿ ಇಂಟರ್‌ಕೂಲರ್ ದಾಟಿದ ಗಾಳಿಯ ತಾಪಮಾನ ನೋಡಿ. ಗಾಡಿ ಓಡ್ತಿರುವಾಗ, ಜೋರಾಗಿ ಎಳೆದ ಮೇಲೂ ಅದು ಹೊರಗಿನ ಹವೆಗಿಂತ 15-20 ಡಿಗ್ರಿ ಒಳಗೇ ಇದ್ರೆ ನಿಮ್ಮ ಸ್ಟಾಕ್ ಕೂಲರ್ ಚೆನ್ನಾಗೇ ಇದೆ. ಪ್ರತಿ ಸಲಕ್ಕೂ ಏರ್ತಾನೇ ಹೋದ್ರೆ ಮಾತ್ರ ದೊಡ್ಡದರ ಮಾತು.

👉 ಒತ್ತಡ ನಷ್ಟ ಕೇಳಿ. 0.1 ಬಾರ್ ಆಸುಪಾಸು ಓಕೆ. ಈ ನಂಬರ್ ಹೇಳೋಕೆ ಬರದವರ ಹತ್ರ ಡಬ್ಬ ತಗೋಬೇಡಿ.

👉 ದಪ್ಪಕ್ಕಿಂತ ಅಗಲ ನೋಡಿ. ದಪ್ಪ ಕೋರ್ ಹಿಂದಿರೋ ರೇಡಿಯೇಟರ್‌ಗೆ ಗಾಳಿ ಸಿಗಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಎಷ್ಟು ದೊಡ್ಡ ಕೂಲರ್ ಇದ್ರೂ ಅದರ ಮೇಲೆ ಗಾಳಿ ಹರಿಯಲ್ಲ.

👉 ಪೇಪರ್ ಓದಿ. ಕಂಪನಿ ಸ್ಪೆಸಿಫಿಕೇಶನ್ ಬದಲಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧ ಹಾಕತ್ತೆ. ವಾರಂಟಿ, ಇನ್ಶೂರೆನ್ಸ್ ಷರತ್ತೂ ನೋಡಿ.

ಟ್ಯೂನಿಂಗ್ ಮಾಡಿಸದೆ ಸ್ಟಾಕ್ ಬೂಸ್ಟ್‌ನಲ್ಲೇ ಓಡಿಸೋರಿಗೆ ನನ್ನ ಉತ್ತರ: ಆ ದುಡ್ಡಲ್ಲಿ ಒಳ್ಳೆ ಟೈರ್ ಹಾಕ್ಸಿ.

ಸೇವ್ ಮಾಡ್ಕೊಳ್ಳಿ, ಆರ್ಡರ್ ಬಟನ್ ಮೇಲೆ ಬೆರಳಿಟ್ಟು ಕೂತಿರೋ ಫ್ರೆಂಡ್‌ಗೆ ಕಳಿಸಿ. ನಿಮ್ಮ ಕಾರಿನ ತಾಪಮಾನ ಎಷ್ಟು ಬಂತು ಅಂತ ಕಾಮೆಂಟ್ ಹಾಕಿ, ಕೂತು ಲೆಕ್ಕ ಮಾಡೋಣ.

#ಕನ್ನಡ #ಇತಿಹಾಸ #ಟರ್ಬೊ #ಇಂಟರ್‌ಕೂಲರ್