ಕಡಲ ಮೇಲಣ ವಿದ್ಯುತ್ತಿನ ಕಾವಲು

ಊರಿನಲ್ಲಿ ಒಂದು ಬೀದಿಯ ದೀಪಗಳು ಆರಿದರೆ ಮತ್ತೊಂದು ಬೀದಿಯ ತಂತಿಯಿಂದ ವಿದ್ಯುತ್ತನ್ನು ತರಬಹುದು. ನಡುಗಡಲಿನ ಹಡಗಿಗೆ ನೆರೆಹೊರೆಯಿಲ್ಲ. ಅದು ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಂಡು ತಾನೇ ಕಾಪಾಡಿಕೊಳ್ಳಬೇಕು. ಈ ಕಾವಲಿನ ಇತಿಹಾಸವು ಸಣ್ಣದೊಂದು ಸೀಸದ ತಂತಿಯಿಂದ ಮೊದಲಾಗುತ್ತದೆ.

೧೮೮೦ರಲ್ಲಿ ಅಮೆರಿಕದ ‘ಕೊಲಂಬಿಯ’ ಎಂಬ ಉಗಿಹಡಗಿಗೆ ಎಡಿಸನ್ ಮಹಾಶಯನ ವಿದ್ಯುದ್ದೀಪಗಳನ್ನು ಅಳವಡಿಸಿದರು. ಪ್ರಯೋಗಶಾಲೆಯ ಹೊರಗೆ ಆ ದೀಪಗಳು ವ್ಯಾಪಾರಕ್ಕೆ ಒದಗಿದುದು ಅದೇ ಮೊದಲು. ತಂತಿಯಲ್ಲಿ ಪ್ರವಾಹ ಮಿತಿಮೀರಿದರೆ ಬೆಂಕಿಯ ಭಯವಷ್ಟೆ! ಆದುದರಿಂದ ನಡುನಡುವೆ ಸೀಸದ ತುಂಡುಗಳನ್ನು ಸೇರಿಸಿದರು. ಪ್ರವಾಹ ಹೆಚ್ಚಿದೊಡನೆ ಸೀಸವು ಕರಗಿ, ಮಾರ್ಗವನ್ನು ಕಡಿದು, ಹಡಗನ್ನು ಉಳಿಸುವುದು.

ಅಂದು ವಿದ್ಯುತ್ತು ಬೆಳಕಿಗಾಗಿ ಮಾತ್ರ. ಮುಂದೆ ಪಂಪು, ಚುಕ್ಕಾಣಿ, ಕೊನೆಗೆ ಹಲವು ಹಡಗುಗಳಲ್ಲಿ ಚಾಲಕಯಂತ್ರಗಳೂ ಅದರ ವಶವಾದುವು. ಆಗ ಮಾರ್ಗವನ್ನು ಕಡಿಯುವುದೇ ಒಂದು ಅಪಾಯವಾಯಿತು. ಕೆಟ್ಟ ಭಾಗವನ್ನಷ್ಟೆ ಬೇರ್ಪಡಿಸುವ ವಿವೇಕ ಬೇಕಾಯಿತು. ದೋಷಕ್ಕೆ ಸಮೀಪದ ಸ್ವಿಚ್ಚು ಮೊದಲು ತೆರೆಯುವಂತೆಯೂ ಹಿಂದಿನದು ಕ್ಷಣಕಾಲ ತಾಳುವಂತೆಯೂ ಏರ್ಪಡಿಸಿದರು.

ಇಷ್ಟೂ ಸಾಲದೆಂಬುದನ್ನು ಯುದ್ಧವು ಕಲಿಸಿತು. ೧೯೪೧ರ ನವೆಂಬರ್ ೧೩ರಂದು ಜಿಬ್ರಾಲ್ಟರಿನ ಬಳಿ ‘ಆರ್ಕ್ ರಾಯಲ್’ ಎಂಬ ಬ್ರಿಟಿಷ್ ವಿಮಾನವಾಹಕ ನೌಕೆಗೆ ಟಾರ್ಪಿಡೋ ಬಡಿಯಿತು. ನೀರು ನುಗ್ಗಿ ಬಾಯ್ಲರುಗಳು ಆರಿದುವು. ಉಗಿಯನ್ನು ನಂಬಿದ ಡೈನಮೋಗಳು ನಿಂತುವು. ಪಂಪುಗಳಿಗೆ ಬಲ ತಪ್ಪಿತು. ಉಗಿಯ ಹಂಗಿಲ್ಲದ ಡೀಸೆಲ್ ಜನರೇಟರು ಅದರಲ್ಲಿರಲಿಲ್ಲ. ಮರುದಿನ ನೌಕೆ ಮುಳುಗಿತು.

ನಮ್ಮ ಕಾಲಕ್ಕೆ ಬರೋಣ. ೨೦೧೦ರ ಸೆಪ್ಟೆಂಬರ್ ೨೩ರ ನಸುಕಿನಲ್ಲಿ ‘ಕ್ವೀನ್ ಮೇರಿ ೨’ ಎಂಬ ಮಹಾನೌಕೆ ಬಾರ್ಸಿಲೋನವನ್ನು ಸಮೀಪಿಸುತ್ತಿತ್ತು. ಅದರ ವಿದ್ಯುತ್ತಿನ ಅಲೆಗಳನ್ನು ತಿದ್ದುವ ಉಪಕರಣದಲ್ಲಿ ಒಂದು ಕೆಪಾಸಿಟರು ಸಿಡಿಯಿತು. ಹಡಗೆಲ್ಲ ಕತ್ತಲಾಯಿತು, ಚಾಲಕಯಂತ್ರಗಳು ನಿಂತುವು. ತುರ್ತಿನ ಜನರೇಟರು ತಾನಾಗಿ ಎದ್ದಿತು. ಸುಮಾರು ಒಂದು ಗಂಟೆಯಲ್ಲಿ ಹಡಗು ಮತ್ತೆ ಚಲಿಸಿತು, ಯಾರಿಗೂ ಗಾಯವಾಗಲಿಲ್ಲ. ಆದರೆ ಕೆಪಾಸಿಟರು ಸವೆಯುವುದನ್ನು ಮುಂಚೆಯೇ ಸಾರಬೇಕಾಗಿದ್ದ ಯಂತ್ರವು ಕೆಲವು ವರ್ಷಗಳಿಂದಲೇ ಕೆಟ್ಟಿದ್ದಿರಬೇಕೆಂದು ವಿಚಾರಣೆಯಲ್ಲಿ ತಿಳಿದುಬಂತು.

ಸೀಸದ ತಂತಿ ಕರಗಿದರೆ ದೀಪ ಆರಿ, ಸಂಗತಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಇಂದಿನ ಸೂಕ್ಷ್ಮ ಕಾವಲುಗಾರನಾದರೋ ಸದ್ದಿಲ್ಲದೆ ನಿದ್ರಿಸಬಲ್ಲನು. ಆದುದರಿಂದ ಅವನನ್ನು ಆಗಾಗ ಎಬ್ಬಿಸಿ ಪರೀಕ್ಷಿಸುವ ನಾವಿಕನ ಕೈಯಲ್ಲಿಯೇ ಸಾವಿರಾರು ಪ್ರಯಾಣಿಕರ ಕ್ಷೇಮವಿದೆ.