ಹಪ್ಪೋಶು

ಹಪ್ಪೋಶು: ಬಿಯರ್‌ಗಿಂತ ಕಡಿಮೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಳಸಿ ತಯಾರಿಸುವ, ಬೆಲೆಯಲ್ಲಿ ಅಗ್ಗವೂ ಕುಡಿಯಲು ಹಗುರವೂ ಆದ ಜಪಾನಿನ ಮದ್ಯ. ಕಣ್ಣಿಗೆ ಇದು ಬಿಯರೇ. ಆದರೆ ಅಲ್ಲಿನ ಮದ್ಯತೆರಿಗೆ ಕಾನೂನು ಹಾಗೆಂದು ಒಪ್ಪುವುದಿಲ್ಲ. ನೀರು ಮತ್ತು ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂ) ಬಿಟ್ಟು ಉಳಿದ ಕಚ್ಚಾಪದಾರ್ಥದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾಲ್ಟ್ ಇದ್ದರಷ್ಟೇ ಬಿಯರ್ ಎಂಬುದು ಹಳೆಯ ನಿಯಮ. 2018ರಲ್ಲಿ ಈ ಮಿತಿ 50%ಕ್ಕೆ ಇಳಿಯಿತು.

ಈ ಪಾನೀಯದ ರುಚಿಯನ್ನು ರೂಪಿಸಿದ್ದು ತೆರಿಗೆ. 1994ರಲ್ಲಿ ಸುಂಟೊರಿ ಕಂಪನಿ 65% ಮಾಲ್ಟ್‌ನ ‘ಹಾಪ್ಸ್’ ಎಂಬ ಪಾನೀಯ ತಂದು, ಕಾನೂನಿನ ಗೆರೆಯ ಕೆಳಗೆ ನಿಂತು ಕಡಿಮೆ ತೆರಿಗೆಯ ಲಾಭ ಪಡೆಯಿತು. ಮರುವರ್ಷ ಸಪ್ಪೊರೊ ಕಂಪನಿ ಮಾಲ್ಟನ್ನು 25%ಕ್ಕಿಂತಲೂ ಕೆಳಗಿಳಿಸಿತು. 1996ರಲ್ಲಿ ಸರ್ಕಾರ 50% ದಾಟಿದ ಮಾಲ್ಟ್‌ನ ಹಪ್ಪೋಶುವಿಗೂ ಬಿಯರ್‌ನಷ್ಟೇ ತೆರಿಗೆ ಹೇರಿದಾಗ ಉಳಿದವರೂ 25%ದ ಕೆಳಗೆ ಸರಿದರು. 1998ರ ಕಿರಿನ್ ಕಂಪನಿಯ ‘ಟನ್ರೇ’ ಈ ಸಾಲಿನದು. 2003ರಲ್ಲಿ ಹಪ್ಪೋಶುವಿನ ತೆರಿಗೆಯೂ ಏರಿತು. ಆಗ ಬಂದದ್ದು ಜನ ‘ಮೂರನೆಯ ಬಿಯರ್’ ಎಂದು ಕರೆದ ಬಗೆ: ಬಟಾಣಿ ಪ್ರೋಟೀನಿನ ‘ಡ್ರಾಫ್ಟ್ ಒನ್’, ಸೋಯಾ ಪ್ರೋಟೀನಿನ ‘ನೊದೊಗೊಶಿ ನಮಾ’. ಹಪ್ಪೋಶುವಿಗೆ ಧಾನ್ಯದ ಸ್ಪಿರಿಟ್ ಬೆರೆಸಿದವೂ ಆಮೇಲೆ ಬಂದವು. 2020ರ ಸೆಪ್ಟೆಂಬರ್‌ವರೆಗೆ 350 ಮಿ.ಲೀ. ಡಬ್ಬಿಯೊಂದಕ್ಕೆ ತೆರಿಗೆ ಬಿಯರ್‌ಗೆ 77, ಹಪ್ಪೋಶುವಿಗೆ ಸುಮಾರು 47, ಮೂರನೆಯದಕ್ಕೆ 28 ಯೆನ್. ಈ ಅಂತರವನ್ನು ಹಂತಹಂತವಾಗಿ ಅಳಿಸಿ, 2026ರ ಅಕ್ಟೋಬರ್‌ನಿಂದ ಮೂರಕ್ಕೂ 54.25 ಯೆನ್ ಎಂದು ಕಾನೂನು ನಿಗದಿ ಮಾಡಿದೆ.

ಮಾಲ್ಟ್ ಕಡಿಮೆಯಾದರೆ ಕಳೆದುಹೋಗುವುದು ಬಾರ್ಲಿಯ ರುಚಿಯೊಂದೇ ಅಲ್ಲ. ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವ, ಯೀಸ್ಟ್ ಬೆಳೆಯಲು ಬೇಕಾದ ಸಾರಜನಕ, ನೊರೆ ಕಟ್ಟುವ ಪ್ರೋಟೀನು ಎಲ್ಲವೂ ಮಾಲ್ಟ್‌ನಿಂದಲೇ ಬರುತ್ತವೆ. ಹುದುಗಲು ಬೇಕಾದ ಸಕ್ಕರೆಯ ಕೊರತೆ ತುಂಬಲು ಮೆಕ್ಕೆಜೋಳ, ಅಕ್ಕಿ, ಪಿಷ್ಟದಿಂದ ತೆಗೆದ ಸಕ್ಕರೆಪಾಕ ಸೇರಿಸುತ್ತಾರೆ. ಮೂರನೆಯ ಬಗೆಯಲ್ಲಿ ಬಟಾಣಿ, ಸೋಯಾಗಳ ಕೆಲಸ ಯೀಸ್ಟ್‌ಗೆ ಆಹಾರ ಒದಗಿಸುವುದು. ಪಾಕದ ಸಕ್ಕರೆ ಬಹುಪಾಲು ಹುದುಗಿ ಮುಗಿಯುವುದರಿಂದ ಪಾನೀಯ ತೆಳುವಾಗಿ, ಒಣದಾಗಿ ಉಳಿಯುತ್ತದೆ. ಇಷ್ಟು ಕಡಿಮೆ ಮಾಲ್ಟ್‌ನಿಂದ ಕುಡಿಯಬಲ್ಲ ಪಾನೀಯ ಮಾಡುವುದು ಅಪ್ಪಟ ಬಿಯರ್ ಮಾಡುವುದಕ್ಕಿಂತ ಸುಲಭದ ಕೆಲಸವೇನಲ್ಲ. ತಯಾರಕರ ಕಸುಬುದಾರಿಕೆಗೆ ಇಲ್ಲಿ ಸಲ್ಲಬೇಕಾದ ಮೆಚ್ಚುಗೆ ಸಂದಿಲ್ಲ.

ರುಚಿ ನೋಡುವ ಕ್ರಮ: ಡಬ್ಬಿಗೇ ಬಾಯಿಟ್ಟು ಕುಡಿದರೆ ಘಮವೂ ನೊರೆಯೂ ತಿಳಿಯುವುದಿಲ್ಲ. ಎಣ್ಣೆಯ ಪಸೆ ಇಲ್ಲದ ಗಾಜಿನ ಲೋಟಕ್ಕೆ, ಚೆನ್ನಾಗಿ ತಣಿಸಿದ ಹಪ್ಪೋಶುವನ್ನು ಮೊದಲು ರಭಸವಾಗಿ, ನೊರೆ ಎದ್ದ ಮೇಲೆ ನಿಧಾನವಾಗಿ ಸುರಿಯಬೇಕು. ಬಣ್ಣ ತಿಳಿ ಹುಲ್ಲಿನದು. ನೊರೆ ಬೆಳ್ಳಗೆ ಏರಿದರೂ ದೊಡ್ಡ ಗುಳ್ಳೆಗಳಾಗಿ ಬೇಗ ಒಡೆಯುವುದುಂಟು. ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಮೊದಲ ಪರೀಕ್ಷೆ. ಘಮ ಮೆಲುವು: ಬೆಂದ ಜೋಳದ ವಾಸನೆ, ಹಿಂದೆ ಹಾಪ್ಸ್‌ನ ಹಸಿರು ಗಂಧ. ಕಹಿ ಅಲ್ಪ, ಗುಳ್ಳೆಗಳ ಚುರುಕು ಹೆಚ್ಚು.

ಜಪಾನಿನವರು ಹಗುರ ಬಿಯರ್‌ನಲ್ಲಿ ಮುಖ್ಯವಾಗಿ ಹುಡುಕುವುದು ‘ನೊದೊಗೊಶಿ’ (ಗಂಟಲಲ್ಲಿ ಇಳಿಯುವ ಹಿತ) ಮತ್ತು ‘ಕಿರೆ’ (ರುಚಿ ನಾಲಿಗೆಗೆ ಅಂಟದೆ ತಟ್ಟನೆ ಮುಗಿಯುವುದು) ಎಂಬ ಗುಣಗಳನ್ನು. ಆದ್ದರಿಂದ ವೈನ್‌ನಂತೆ ಬಾಯಲ್ಲಿ ಆಡಿಸುವ ಬದಲು ತುಂಬು ಗುಟುಕನ್ನು ನುಂಗಿಯೇ ನೋಡಬೇಕು. ದೋಷ ಹೊರಬೀಳುವುದು ಲೋಟದ ಕೊನೆಯಲ್ಲಿ. ತಂಪು ಇಳಿದಂತೆ ಕೆಲವು ಬಗೆಗಳಲ್ಲಿ ಪಾಕದ ಪೊಳ್ಳು ಸಿಹಿ, ಸ್ಪಿರಿಟ್ ಬೆರೆಸಿದವುಗಳಲ್ಲಿ ಸಾರಾಯಿಯ ಉರಿ ತಲೆದೋರುತ್ತದೆ. ಹುದುಗುವಿಕೆ ಸರಿಯಾಗಿ ನಡೆದದ್ದು ಆಗ ಸಪ್ಪೆಯೆನಿಸಬಹುದು, ಕೆಟ್ಟದೆನಿಸುವುದಿಲ್ಲ.

ಜರ್ಮನ್ ಲಾಗರ್ ಪಕ್ಕದಲ್ಲಿಟ್ಟು ತೂಗಿದರೆ ಹಪ್ಪೋಶು ಸೋಲುತ್ತದೆ. ಉಪ್ಪು ಹಾಕಿ ಬೇಯಿಸಿದ ಎಳೆ ಸೋಯಾಕಾಯಿ, ಕೆಂಡದಲ್ಲಿ ಸುಟ್ಟ ಕೋಳಿಮಾಂಸ, ಕರಿದ ತಿಂಡಿಗಳ ಜೊತೆಗಾದರೆ ಅದರ ತೆಳುವೇ ಗುಣವಾಗಿ, ಒಂದೊಂದು ಗುಟುಕೂ ಬಾಯಿಯ ಜಿಡ್ಡನ್ನು ತೊಳೆಯುತ್ತದೆ.